ಗಿರಿ ಮೇಲೆ 42 ಕಿ.ಮೀ. ಓಟ, ಜೊತೆಗೆ ಗುಡುಗು ಮಳೆ: ಹೋಗಲಾ, ಬಿಡಲಾ?

ಹಾಸನ್_ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಮೂರು ವರ್ಷದಿಂದ ಓಡುತ್ತಿದ್ದೇನೆ, ಆದರೆ ಬರೀ ರಸ್ತೆ ಮೇಲೆ. ಐದು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ, ಚೆನ್ನಾಗಿ ಓಡಿದ ದಿನ 2 ಗಂಟೆ 4 ನಿಮಿಷ. ಫುಲ್ ಒಂದೂ ಓಡಿಲ್ಲ.

ಗೆಳೆಯನ ಮಾತು ಕೇಳಿ ಚಿಕ್ಕಮಗಳೂರಿನ ಗಿರಿ ಕಡೆ ಮುಂದಿನ ಭಾನುವಾರ ಇರುವ ಒಂದು ಟ್ರೇಲ್ ಮ್ಯಾರಥಾನ್‌ಗೆ ಹೆಸರು ಕೊಟ್ಟುಬಿಟ್ಟೆ. ದೊಡ್ಡ ಕಾರ್ಯಕ್ರಮ ಏನಲ್ಲ. ಅರವತ್ತು ಜನ ಇದ್ದರೆ ಹೆಚ್ಚು. ಚಿಪ್ ಇಲ್ಲ, ಟೀಶರ್ಟ್ ಇಲ್ಲ, ಮೆಡಲ್ ಇಲ್ಲ, ಯಾರೋ ಒಬ್ಬರು ನೋಟ್‌ಬುಕ್ಕಿನಲ್ಲಿ ಟೈಮ್ ಬರೆದುಕೊಳ್ಳುತ್ತಾರಂತೆ, ಮುಗಿಸಿ ಬಂದವರಿಗೆ ತೋಟದ ಕಣದಲ್ಲೇ ಊಟ ಹಾಕುತ್ತಾರಂತೆ. ಒಟ್ಟು ಏರು 1500 ಮೀಟರ್. ಮುಗಿಸಲು ಕೊಟ್ಟಿರುವ ಟೈಮ್ 9 ಗಂಟೆ. ಇದೆಲ್ಲಾ ಕೇಳಿಯೇ ನನಗೆ ಇಷ್ಟ ಆಗಿದ್ದು.

ಈಗ ಪ್ರಾಬ್ಲಂ ಏನಂದರೆ ನಾಲ್ಕು ದಿನದಿಂದ ಮಧ್ಯಾಹ್ನ ಆದರೆ ಸಾಕು, ಪಶ್ಚಿಮದ ಕಡೆ ಕಪ್ಪಾಗಿ ಗುಡುಗು ಶುರು. ನಿನ್ನೆ ನಮ್ಮ ಬೀದಿಯಲ್ಲೇ ಆಲಿಕಲ್ಲು ಬಿತ್ತು. ಓಟ ನಡೆಸುವವರಿಗೆ ಫೋನ್ ಮಾಡಿದೆ. "ಮಳೆ ಬಂದರೂ ಓಟ ಇರುತ್ತೆ, ಸಿಡಿಲು ಬಂದರೆ ಆವಾಗ ನೋಡೋಣ" ಅಂದರು. ಈ "ನೋಡೋಣ" ಅಂದರೆ ಏನು ಅಂತ ಯೋಚನೆ ಮಾಡುತ್ತಾ ರಾತ್ರಿ ನಿದ್ದೆ ಬರಲಿಲ್ಲ.

ಈ ಕಡೆ ಓಡಿದವರು ಯಾರಾದರೂ ಇದ್ದೀರಾ? ನನ್ನಂಥವನಿಗೆ 9 ಗಂಟೆಯಲ್ಲಿ ಆಗುತ್ತಾ? ನನ್ನ ಹತ್ತಿರ ಇರೋದು ರೋಡ್ ಶೂ, ಅದರಲ್ಲೇ ಹೋಗಬಹುದಾ? ಮನೆಯಲ್ಲಿ "ದುಡ್ಡು ಕೊಟ್ಟು ಮಳೆಯಲ್ಲಿ ನೆನೆಯೋಕೆ ಅಷ್ಟು ದೂರ ಹೋಗಬೇಕಾ, ಇಲ್ಲೇ ಮಹಡಿ ಮೇಲೆ ನಿಂತುಕೊಳ್ಳಿ" ಅಂತ ತಮಾಷೆ ಮಾಡುತ್ತಿದ್ದಾರೆ.

ಬೆಳಗಿನ_ಬಸ್
ನಿಮ್ಮ ಮನೆಯವರು ಹೇಳಿದ್ದು ಸರಿ ಇದೆ ಗುರು. ಮಹಡಿ ಮೇಲೆ ಊಟಾನೂ ಬಿಸಿಯಾಗಿ ಸಿಗುತ್ತೆ.

ತೋಟದಮನೆ
ಕೈಮರದ ಮೇಲೆ ನಮ್ಮದು ಸ್ವಲ್ಪ ಕಾಫಿ ತೋಟ. ಓಟ ನಮ್ಮ ಬೇಲಿ ಪಕ್ಕದಲ್ಲೇ ಹೋಗುತ್ತದೆ, ಎರಡು ವರ್ಷದಿಂದ ನೀರಿನ ಟೇಬಲ್ ಹತ್ತಿರ ನಾನೇ ನಿಲ್ಲುತ್ತೇನೆ. ಓಡುವ ಚಟ ನನಗಿಲ್ಲ, ಓಡುವವರನ್ನು ನೋಡುವ ಚಟ ಇದೆ.

ಮೊದಲು ಮಳೆ ವಿಷಯ. ಹಾಸನ್ ಹುಡುಗ ಅವರೇ, ಇದು ಮಳೆಗಾಲದ ಮಳೆ ಅಲ್ಲ, ಅಶ್ವಿನಿ ಮಳೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಬಿಸಿಲು ಏರಿದ ಹಾಗೆ ಕೆಳಗಿನ ಬಿಸಿ ಗಾಳಿ ತೇವ ಹೊತ್ತುಕೊಂಡು ಗುಡ್ಡ ಹತ್ತುತ್ತದೆ, ಹನ್ನೊಂದು ಹನ್ನೆರಡಕ್ಕೆ ನೆತ್ತಿ ಮೇಲೆ ಹತ್ತಿ ಇಟ್ಟ ಹಾಗೆ ಮೋಡ, ಎರಡು ಗಂಟೆಗೆ ಗುಡುಗು. ದಿನಾ ಹೀಗೇ ಅಂತ ಅಲ್ಲ, ಆದರೆ ಹೆಚ್ಚು ದಿನ ಹೀಗೇ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ "ಮಳೆ ಬರುತ್ತಾ" ಅಂತ ಅಲ್ಲ. "ಮೋಡ ಕೂರುವ ಹೊತ್ತಿಗೆ ನಾನು ಎಲ್ಲಿರುತ್ತೇನೆ" ಅಂತ. ಈ ಓಟದಲ್ಲಿ ಮುಳ್ಳಯ್ಯನಗಿರಿಯ ತುದಿ ಬರುವುದಿಲ್ಲ, ಆದರೆ ಅದೇ ಚಂದ್ರದ್ರೋಣ ಸಾಲಿನ ಹುಲ್ಲುಗುಡ್ಡದ ನೆತ್ತಿ ಮೇಲೆ ಆರೇಳು ಕಿಲೋಮೀಟರ್ ಇದೆ. ಅಲ್ಲಿ ಮರ ಇಲ್ಲ, ಮನೆ ಇಲ್ಲ. ಇಡೀ ಗುಡ್ಡದಲ್ಲಿ ಎತ್ತರದ ವಸ್ತು ಅಂದರೆ ನೀವೇ.

ತೋಟದೊಳಗೆ ಬಂದರೆ ಬಚಾವ್ ಅಂತ ಅಂದುಕೊಳ್ಳಬೇಡಿ. ಜೋರು ಗಾಳಿಗೆ ಸಿಲ್ವರ್ ಓಕ್ ಮುರಿಯುತ್ತದೆ. ನೆರಳಿಗೆ ಬೆಳೆಸುವ ಹಾಲುವಾಣದ ಕೊಂಬೆ ಇನ್ನೂ ಮೆದು, ಅದಕ್ಕೆ ಗಾಳಿ ಬೇಕು ಅಂತಲೂ ಇಲ್ಲ, ನೀರು ಕುಡಿದು ಭಾರ ಆದರೆ ತಾನೇ ಬೀಳುತ್ತದೆ. ಗುಡುಗುವಾಗ ತಂತಿ ಬೇಲಿ ಮುಟ್ಟಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ತೋಟದ ಆಳುಗಳ ಲೈನು ಮನೆ ಸಿಕ್ಕಿದರೆ ನುಗ್ಗಿ, ಯಾರೂ ಬೇಡ ಅನ್ನುವುದಿಲ್ಲ. ಜೀಪು ಸಿಕ್ಕಿದರೆ ಒಳಗೆ ಕೂತು ಗಾಜು ಏರಿಸಿ. ತಗಡಿನ ಮೇಲ್ಛಾವಣಿ ಇರುವ ಜೀಪು ಆಗಬೇಕು, ಟಾರ್ಪಾಲ್ ಹೊದಿಸಿದ್ದು ಲೆಕ್ಕಕ್ಕಿಲ್ಲ.

ನಿಮಗೆ ಬೇಜಾರಾಗಬಹುದು, ಆದರೆ ಹೇಳಿಬಿಡುತ್ತೇನೆ, ನಮಗೆಲ್ಲಾ ಈ ಮಳೆ ಬೇಕು. ಹೂ ಮಳೆ ಆಗಿ ಗಿಡ ಎಲ್ಲಾ ಬೆಳ್ಳಗೆ ಅರಳಿ ಮೂರು ವಾರ ಆಯ್ತು, ಈಗ ಹಿಂದೆಯೇ ಇನ್ನೊಂದು ಮಳೆ ಬೀಳದಿದ್ದರೆ ಕಾಯಿ ನಿಲ್ಲುವುದಿಲ್ಲ. ನಿನ್ನೆ ನಮ್ಮಲ್ಲಿ 70 ಸೆಂಟ್ಸ್ ಬಿತ್ತು. ತೋಟದವರಲ್ಲದವರಿಗೆ: ನೂರು ಸೆಂಟ್ಸ್ ಅಂದರೆ ಒಂದು ಇಂಚು. ಭಾನುವಾರ ನೀವು ಬಿಸಿಲು ಕೇಳಿಕೊಳ್ಳಿ, ನಾನು ಮಳೆ ಕೇಳಿಕೊಳ್ಳುತ್ತೇನೆ, ಮುಳ್ಳಪ್ಪ ಸ್ವಾಮಿ ಯಾರ ಮಾತು ಕೇಳುತ್ತಾನೋ ನೋಡೋಣ.

ಗಿರಿಗಾಳಿ
ಇದೇ ಓಟ ಎರಡು ವರ್ಷದ ಹಿಂದೆ ಓಡಿದ್ದೇನೆ. ಓಡಿದ್ದೇನೆ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು. 27ನೇ ಕಿಲೋಮೀಟರಿಗೆ ವಾಪಸ್ ಬಂದೆ.

ನಿಮ್ಮ ಟೈಮ್ ಲೆಕ್ಕ ಮೊದಲು. ಗುಡ್ಡ ನಡೆಯುವವರದ್ದು ಒಂದು ಹಳೇ ಲೆಕ್ಕ ಇದೆ, ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಬರೀ ನಡೆದರೆ ನಿಮಗೆ ಹೆಚ್ಚುಕಡಿಮೆ 11 ಗಂಟೆ. ಏರು ನಡೆದು, ಸಮ ಇದ್ದಲ್ಲಿ ನಿಧಾನ ಓಡಿ, ಇಳಿಜಾರಿನಲ್ಲಿ ಕಾಲು ಬಿಟ್ಟರೆ ಒಣ ದಾರಿಯಲ್ಲಿ ಏಳೂವರೆ ಎಂಟಕ್ಕೆ ಮುಗಿಯುತ್ತದೆ. ದಾರಿ ಒದ್ದೆ ಆದರೆ ಇಳಿಜಾರಿನಲ್ಲಿ ಉಳಿಸಿದ ಟೈಮೆಲ್ಲಾ ಹೋಗುತ್ತದೆ. ಕೆಂಪು ಮಣ್ಣು, ಅದರ ಮೇಲೆ ಜೀಪಿನ ಚಕ್ರ ಓಡಾಡಿ ನುಣ್ಣಗಾಗಿರುತ್ತದೆ, ಮಳೆ ಬಿದ್ದರೆ ಸೋಪು ಸವರಿದ ಹಾಗೆ. ಏರಿದ್ದಕ್ಕಿಂತ ಇಳಿದದ್ದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಚಕ್ರದ ಗೆರೆಯಲ್ಲಿ ಓಡಬೇಡಿ, ನಡುವಿನ ಹುಲ್ಲಿನ ಮೇಲೆ ಓಡಿ.

ಶೂ: ರೋಡ್ ಶೂ ಬೇಡ. ಕೆಳಗೆ 5 ಮಿಲಿಮೀಟರ್ ಆದರೂ ಗುಬುಟು ಇರಬೇಕು. ಆದರೆ ಹೊಸದು ತಂದು ಭಾನುವಾರವೇ ಹಾಕಬೇಡಿ, ಇವತ್ತೇ ತಂದು ದಿನಾ ಹಾಕಿ, ಒಂದು ದಿನ ಬಕೆಟ್ ನೀರಲ್ಲಿ ಅದ್ದಿ ಓಡಿ ನೋಡಿ, ಒದ್ದೆ ಆದಾಗ ಎಲ್ಲಿ ಉಜ್ಜುತ್ತದೆ ಅಂತ ಗೊತ್ತಾಗುತ್ತದೆ. ಕಾಲಿನ ಉಗುರು ಕತ್ತರಿಸಿ. ನಾನು ಕತ್ತರಿಸಲಿಲ್ಲ, ಎರಡು ಹೆಬ್ಬೆರಳೂ ಕಪ್ಪಾದವು.

ಈಗ ವಾಪಸ್ ಬಂದ ಕಥೆ. ಆ ದಿನ ಬೆಳಿಗ್ಗೆ ಆರೂವರೆಗೆ ಶುರು ಮಾಡಿದರು, ಅದೇ ತಡ. ನೆತ್ತಿಗೆ ಹತ್ತುವಾಗ ಮಂಜು ಬಂತು. ಮಂಜು ಅಂದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತಲ್ಲ ಅದಲ್ಲ. ಮುಂದಿನವನ ಬೆನ್ನು ಹತ್ತು ಹೆಜ್ಜೆಗೆ ಮಾಯ. ದಾರಿಗೆ ಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು, ಹಿಂದಿನ ರಾತ್ರಿಯ ಮಳೆಗೆ ಅದು ತೊಳೆದು ಹೋಗಿ ಕಲ್ಲಿನ ಮೇಲೆ ಸುಮ್ನೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಬಾಣ ಯಾವ ಕಡೆ ಅಂತ ಮೂರು ಜನ ನಿಂತು ಜಗಳ ಆಡಿದೆವು. ಆಮೇಲೆ ಗಾಳಿ. ಮಳೆ ಮೇಲಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಬರುತ್ತಿತ್ತು. ನನ್ನ ಮೈಮೇಲೆ ಕಾಟನ್ ಬನಿಯನ್, ಅದರ ಮೇಲೊಂದು ಟೀಶರ್ಟ್, ಅಷ್ಟೇ. ಹತ್ತು ನಿಮಿಷದಲ್ಲಿ ಹಲ್ಲು ಕಟಕಟ. ಏಪ್ರಿಲ್ ತಿಂಗಳು, ಬೇಸಿಗೆ, ಚಳಿ ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೆ.

ಆಗ ಒಂದು ಮಿಂಚು. ಎಣಿಸಿದೆ, ಒಂದು, ಎರಡು, ಮೂರು... ಹನ್ನೆರಡಕ್ಕೆ ಗುಡುಗು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ಹಿಡಿದರೆ ನಾಲ್ಕು ಕಿಲೋಮೀಟರ್ ದೂರ. ಮುಂದಿನದಕ್ಕೆ ಏಳು. ಅಲ್ಲಿಂದ ತಿರುಗಿ ಬಂದ ದಾರಿಯಲ್ಲೇ ಕೆಳಗಿಳಿದೆ. ಜೊತೆಗಿದ್ದ ಇಬ್ಬರು ಮುಂದೆ ಹೋದರು, ಮುಗಿಸಿದರು, ಏನೂ ಆಗಲಿಲ್ಲ, ಊಟ ಮಾಡುವಾಗ ನನ್ನನ್ನು ನೋಡಿ ನಕ್ಕರು ಕೂಡ. ಇವತ್ತು ಅದೇ ಏಳು ಸೆಕೆಂಡ್ ಎಣಿಸಿದರೂ ತಿರುಗಿ ಬರುತ್ತೇನೆ.

ಕಬ್ಬಿಣದಕಾಲು
ಎಲ್ಲಾ ಸೇರಿ ಹುಡುಗನನ್ನು ಹೆದರಿಸುತ್ತಿದ್ದೀರಿ. ನಾನು ಜುಲೈನಲ್ಲಿ ಸಕಲೇಶಪುರದ ಕಡೆ ದಿನಾ ಮಳೆಯಲ್ಲೇ ಓಡುತ್ತೇನೆ. ಮಳೆಯಲ್ಲಿ ಓಡುವ ಮಜಾನೇ ಬೇರೆ. ಹೋಗಿ ಓಡಿ ಬ್ರದರ್.

ತೋಟದಮನೆ
ಕಬ್ಬಿಣದಕಾಲು ಅವರೇ, ಜುಲೈ ಮಳೆಗೂ ಇದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ಮಾರಾಯ್ರೆ. ಜುಲೈನಲ್ಲಿ ವಾರಗಟ್ಟಲೆ ಹುಯ್ಯುತ್ತದೆ, ಸಿಡಿಲು ಕಡಿಮೆ. ಮುಂಗಾರು ಹಿಡಿಯುವ ಮುಂಚೆ ಏಪ್ರಿಲ್ ಮೇನಲ್ಲಿ ಬರುವುದು, ಆಮೇಲೆ ಹಿಂಗಾರಿನಲ್ಲಿ ಬರುವುದು, ಅದೇ ಸಿಡಿಲಿನ ಮಳೆ. ಕಾಲು ಕಬ್ಬಿಣದ್ದು ಅಂತ ಬೇರೆ ಹೇಳುತ್ತೀರಿ. ನೀವಂತೂ ನೆತ್ತಿ ಕಡೆ ಬರಲೇಬೇಡಿ.

ಕಬ್ಬಿಣದಕಾಲು
ಹಹಹ ಒಪ್ಪಿದೆ. ಹೆಸರು ಬದಲಾಯಿಸುತ್ತೇನೆ.

ವಾರ್ಡ್_ಅಕ್ಕ
ನಾನು ನರ್ಸ್, ಊರು ಮೂಡಿಗೆರೆ ಕಡೆ. ಇಂಥ ಎರಡು ಮೂರು ಓಟಗಳಲ್ಲಿ ಫಸ್ಟ್ ಏಡ್ ಟೇಬಲ್ ಹತ್ತಿರ ಕೂತಿದ್ದೇನೆ. ಸಿಡಿಲಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಚಳಿ ಬಗ್ಗೆ ಹೇಳುತ್ತೇನೆ, ಯಾಕಂದರೆ ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಚಳಿಯವರೇ.

ಎತ್ತರ ಏರಿದ ಹಾಗೆ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ. ಚಿಕ್ಕಮಗಳೂರು ಪೇಟೆಯಿಂದ ಗಿರಿಯ ನೆತ್ತಿ ಸುಮಾರು 800 ಮೀಟರ್ ಮೇಲೆ. ಐದು ಡಿಗ್ರಿ ಹೋಯಿತು. ಅದರ ಮೇಲೆ ಒದ್ದೆ ಬಟ್ಟೆ, ಗಾಳಿ, ಹೊಟ್ಟೆ ಖಾಲಿ. ಓಡುತ್ತಿರುವಾಗ ಮೈ ಬಿಸಿ ಇರುತ್ತದೆ, ಸುಸ್ತಾಗಿ ನಡೆಯಲು ಶುರು ಮಾಡಿದ ಕೂಡಲೇ ಚಳಿ ಹಿಡಿಯುತ್ತದೆ. ಹೈಪೋಥರ್ಮಿಯಾಕ್ಕೆ ಹಿಮಾಲಯಕ್ಕೇ ಹೋಗಬೇಕು ಅಂತಿಲ್ಲ, ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದೇ. ನಡುಕ, ಮಾತು ತೊದಲುವುದು, ಸುಮ್ನೆ ಸುಮ್ನೆ ಎಡವುವುದು, ಬ್ಯಾಗಿನ ಜಿಪ್ ತೆಗೆಯೋಕೆ ಬೆರಳು ಬಾರದೇ ಇರುವುದು. ಜಿಪ್ ಅನ್ನು ನೆನಪಿಡಿ. ಅದು ಆಗದಿದ್ದರೆ ಓಟ ಅಲ್ಲಿಗೇ ನಿಲ್ಲಿಸಿ, ಒಣ ಬಟ್ಟೆ, ಬಿಸಿಯಾಗಿ ಸಿಹಿ ಏನಾದರೂ. ಕೈಕಾಲು ಜೋರಾಗಿ ತಿಕ್ಕಬೇಡಿ. "ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತೆ" ಅನ್ನುವ ಅಣ್ಣಂದಿರು ಪ್ರತಿ ಓಟದಲ್ಲೂ ಒಬ್ಬರು ಇರುತ್ತಾರೆ, ಅವರ ಮಾತು ಕೇಳಬೇಡಿ, ಅದರಿಂದ ಮೈ ಇನ್ನೂ ಬೇಗ ತಣ್ಣಗಾಗುತ್ತದೆ.

ಕಾಟನ್ ಬೇಡ. ಬೇಗ ಒಣಗುವ ಟೀಶರ್ಟ್, ತೆಳು ಗಾಳಿ ಜಾಕೆಟ್, ಇನ್ನೊಂದು ಒಣ ಟೀಶರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಬ್ಯಾಗಿನಲ್ಲಿಡಿ. ದುಬಾರಿ ಜಾಕೆಟ್ ಇಲ್ಲ ಅಂದರೆ ದೊಡ್ಡ ಕಸದ ಕವರಿಗೆ ತಲೆ, ಕೈಗೆ ತೂತು ಮಾಡಿ ಹಾಕಿಕೊಳ್ಳಿ. ಚೆಂದ ಕಾಣಲ್ಲ, ಕೆಲಸ ಮಾಡುತ್ತದೆ. ತೊಡೆ ಸಂದಿ, ಕಂಕುಳಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಧಾರಾಳವಾಗಿ. ಒದ್ದೆ ಬಟ್ಟೆ ಉಜ್ಜಿದ ಗಾಯಕ್ಕೆ ಸ್ನಾನದ ನೀರು ಬಿದ್ದಾಗ ಗಂಡಸರು ಹೇಗೆ ಕೂಗುತ್ತಾರೆ ಅಂತ ಗೊತ್ತು.

ಬರೀ ನೀರು ಕುಡಿಯುತ್ತಾ ಹೋಗಬೇಡಿ, ಚಳಿ ಇರುವಾಗ ಬೆವರು ಕಡಿಮೆ, ನೀರು ಜಾಸ್ತಿ ಆದರೆ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆ ಸುತ್ತುತ್ತದೆ. ಬಾಯಾರಿದಾಗ ಕುಡಿಯಿರಿ, ಜೊತೆಗೆ ಓಆರ್‌ಎಸ್ ಇಟ್ಟುಕೊಳ್ಳಿ. ಅದು ಇಲ್ಲ ಅಂದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮ ಮಟ್ಟದಲ್ಲಿರಲಿ. ಮಂಡಿ ನೋಯುತ್ತೆ ಅಂತ ದಾರಿ ಮಧ್ಯೆ ಪೇನ್ ಕಿಲ್ಲರ್ ನುಂಗಬೇಡಿ, ಅದು ಕಿಡ್ನಿಗೆ ಒಳ್ಳೆಯದಲ್ಲ, ಗಂಟೆಗಟ್ಟಲೆ ಓಡಿ ನೀರು ಕಡಿಮೆ ಆದಾಗಂತೂ ಬೇಡವೇ ಬೇಡ.

ಹಾಸನ್_ಹುಡುಗ
ಅಕ್ಕ, ತೋಟದಮನೆ ಸರ್, ಗಿರಿಗಾಳಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶೂ ತಂದೆ, ಬಕೆಟ್‌ನಲ್ಲಿ ಅದ್ದಿ ಓಡಿದೆ, ಬಾಡಿಗೆ ಮನೆಯ ಓನರ್ ಮಹಡಿಯಿಂದ ನೋಡಿ ಏನೂ ಕೇಳದೆ ಒಳಗೆ ಹೋದರು. ಎರಡು ಸಣ್ಣ ಪ್ರಶ್ನೆ. ಇಂಬಳ (ಜಿಗಣೆ) ಇರುತ್ತಾ? ಆನೆ?

ತೋಟದಮನೆ
ಇಂಬಳ ಹುಲ್ಲುಗುಡ್ಡದಲ್ಲಿ ಕಡಿಮೆ, ತೋಟದಲ್ಲಿ ಮತ್ತು ಕಾಡಿನಂಚಿನಲ್ಲಿ ಎರಡು ಮಳೆ ಆದಮೇಲೆ ಎದ್ದಿರುತ್ತವೆ. ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಕಲಸಿದ ಬೇವಿನ ಎಣ್ಣೆ ಹಚ್ಚಿ. ಹತ್ತಿದರೂ ಓಡುತ್ತಾ ಇರಿ, ಕುಡಿದು ಬೀಳುತ್ತದೆ. ನಿಂತು ಕೀಳಲು ಹೋದರೆ ಅಷ್ಟರಲ್ಲಿ ಇನ್ನೂ ನಾಲ್ಕು ಹತ್ತುತ್ತವೆ. ಆನೆ ಇದೆ ಅಂತ ಸುದ್ದಿ ಬಂದರೆ ನಾವೇ ದಾರಿ ಬದಲಿಸುತ್ತೇವೆ, ಆ ಯೋಚನೆ ನಮಗೆ ಬಿಡಿ. ಕತ್ತಲಲ್ಲಿ ಒಬ್ಬರೇ ಮುಂದೆ ಹೋಗಬೇಡಿ, ಅಷ್ಟೇ. ಫೋನಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಸುತ್ತಮುತ್ತ ಸಿಡಿಲು ಎಲ್ಲಿದೆ ಅಂತ ತೋರಿಸುತ್ತದೆ. ಆದರೆ ನೆತ್ತಿಯ ಆಚೆ ಮಗ್ಗುಲಲ್ಲಿ ಸಿಗ್ನಲ್ ಇಲ್ಲ, ಅಲ್ಲಿ ನಿಮ್ಮ ಕಿವಿಯೇ ಆ್ಯಪ್.

ಇನ್ನೊಂದು. ನಿನ್ನೆ ಎಲ್ಲರೂ ಕೂತು ಮಾತಾಡಿದೆವು. ಶುರು ಐದೂವರೆಗೆ ಮಾಡುತ್ತಿದ್ದೇವೆ, ಟಾರ್ಚ್ ತನ್ನಿ. ಹನ್ನೊಂದರ ಮೇಲೆ ಯಾರನ್ನೂ ನೆತ್ತಿಗೆ ಬಿಡುವುದಿಲ್ಲ. ನಿಮ್ಮ "ನೋಡೋಣ"ಕ್ಕೆ ಅದೇ ಅರ್ಥ. ಸುಣ್ಣದ ಜೊತೆ ಈ ಸಲ ಕೆಂಪು ರಿಬ್ಬನ್ನೂ ಕಟ್ಟಿಸುತ್ತಿದ್ದೇನೆ.

ಹಾಸನ್_ಹುಡುಗ
ಬಂದೆ. ಬದುಕಿದ್ದೇನೆ. ಸೋಮವಾರ ರಜೆ ಹಾಕಿ ಹಾಸಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ, ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳಿಯುತ್ತಿದ್ದೇನೆ.

ಬೆಳಿಗ್ಗೆ ಐದೂವರೆಗೆ ಕಣದಲ್ಲಿ ಐವತ್ತೊಂದು ಜನ. ಒಬ್ಬರು ಹೆಸರು ಕೂಗಿದರು, ಇನ್ನೊಬ್ಬರು ಟಿಕ್ ಹಾಕಿದರು, "ಸರಿ ಹೋಗಿ" ಅಂದರು, ಅಷ್ಟೇ ಉದ್ಘಾಟನೆ. ಮೊದಲ ಹದಿನೈದು ಕಿಲೋಮೀಟರ್ ತೋಟದ ದಾರಿ, ರಾತ್ರಿ ಮಳೆಯಾಗಿ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬೆಳಕು ಹರಿಯುವಾಗ ಗಿಡದ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ತಡವಾಗಿ ಅರಳಿದ ಹೂವಿನ ವಾಸನೆ, ಮಲ್ಲಿಗೆ ಥರಾನೇ. ಕೆಸರಿನಲ್ಲಿ ಎರಡು ಸಲ ಕೂತೆ. ಬಿದ್ದೆ ಅಲ್ಲ, ಕೂತೆ. ನಡುವಿನ ಹುಲ್ಲಿನ ಮಾತು ನೆನಪಾದ ಮೇಲೆ ಬೀಳಲಿಲ್ಲ.

ನೆತ್ತಿಗೆ ಹತ್ತೂ ಕಾಲಿಗೆ ಮುಟ್ಟಿದೆ. ಗಾಳಿ ಅಂದರೆ ಗಾಳಿ. ಹುಲ್ಲೆಲ್ಲಾ ಒಂದೇ ಕಡೆ ತಲೆ ಬಾಚಿದ ಹಾಗೆ ಮಲಗಿತ್ತು. ಕಸದ ಕವರು ಹಾಕಿಕೊಂಡೆ, ಅದು ಪಟಪಟ ಅಂತ ಹೊಡೆದುಕೊಳ್ಳುವ ಸದ್ದಿಗೆ ಗುಡುಗು ಬಂದರೂ ಕೇಳಲ್ಲ ಅನ್ನಿಸಿ ಒಳಗೆ ಸಿಕ್ಕಿಸಿದೆ. ರಿಬ್ಬನ್ ಇತ್ತು, ಅದಿಲ್ಲದಿದ್ದರೆ ಮಂಜಿನಲ್ಲಿ ಹೆಬ್ಬೆ ಜಲಪಾತದ ಕಡೆ ಇಳಿದುಬಿಡುತ್ತಿದ್ದೆ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬೆಲ್ಲದ ಚಿಕ್ಕಿ ತೆಗೆಯೋಣ ಅಂತ ಜಿಪ್ ಹಿಡಿದೆ. ಬೆರಳು ಬಗ್ಗಲಿಲ್ಲ. ಅಕ್ಕ, ನಿಮ್ಮ ಮಾತೇ ಕಿವಿಗೆ ಬಂತು. ಹಲ್ಲಿನಿಂದ ಕಚ್ಚಿ ತೆಗೆದೆ, ಕಲ್ಲಿನ ಮರೆಯಲ್ಲಿ ಕೂತು ಒಣ ಟೀಶರ್ಟ್ ಹಾಕಿಕೊಂಡೆ, ಚಿಕ್ಕಿ ತಿಂದೆ, ನಡುಕ ನಿಂತ ಮೇಲೆಯೇ ಎದ್ದೆ. ಹದಿನೈದು ನಿಮಿಷ ಹೋಯಿತು.

ಅದೇ ಹದಿನೈದು ನಿಮಿಷ ಮುಂದೆ ಲೆಕ್ಕಕ್ಕೆ ಬಂತು. ನೆತ್ತಿಯ ಕೊನೆಯ ತಿರುವಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಒಬ್ಬರು ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. "ಮುಂದಕ್ಕೆ ಇಲ್ಲ ಸಾರ್, ಆಗಲೇ ಗುಡುಗಿತು, ಈ ಕಡೆ ಇಳೀರಿ" ಅಂದರು. ನನಗೆ ಕೇಳಿಸಿರಲಿಲ್ಲ. ವಾದ ಮಾಡಲು ಬಾಯಿ ತೆಗೆದೆ, ಅಷ್ಟರಲ್ಲಿ ನನಗೂ ಕೇಳಿಸಿತು. ಅಡ್ಡದಾರಿಯಲ್ಲಿ ಲೈನು ಮನೆಗೆ ಇಳಿದರೆ ಅಲ್ಲಾಗಲೇ ಏಳು ಜನ ಓಟಗಾರರು ಸಾಲಾಗಿ ಕೂತಿದ್ದರು, ಒಬ್ಬರು ಅಮ್ಮ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕೊಟ್ಟರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಎಬ್ಬಿಸಲಿಲ್ಲ. ಆ ಅರ್ಧ ಗಂಟೆಯಲ್ಲಿ ಎದುರಿನ ತೋಟದಲ್ಲಿ ಸಿಲ್ವರ್ ಓಕ್ ಒಂದು ನಮ್ಮ ಕಣ್ಣೆದುರೇ ಅರ್ಧಕ್ಕೆ ಮುರಿಯಿತು, ಸದ್ದು ಆಮೇಲೆ ಬಂದ ಹಾಗನ್ನಿಸಿತು.

ಕಣಕ್ಕೆ ಬಂದಾಗ 8 ಗಂಟೆ 20 ನಿಮಿಷ. ಅಡ್ಡದಾರಿ ಹಿಡಿದಿದ್ದಕ್ಕೆ ನನ್ನ ವಾಚಿನಲ್ಲಿ 38 ಕಿಲೋಮೀಟರ್ ಚಿಲ್ಲರೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ "38, ಗುಡುಗು" ಅಂತ ಬರೆದರು. ನಂತರ ಕಡುಬು, ಕಾಳಿನ ಸಾರು. ಎಷ್ಟು ತಿಂದೆ ಅಂತ ಇಲ್ಲಿ ಬರೆಯಲ್ಲ.

ಗಿರಿಗಾಳಿ
ನನ್ನದು "27, ಹೆದರಿಕೆ" ಅಂತ ಬರೆದಿದ್ದರು. ಪುಣ್ಯಾತ್ಮರು.

ವಾರ್ಡ್_ಅಕ್ಕ
ಹಲ್ಲಿನಿಂದ ಕಚ್ಚಿ ಜಿಪ್ ತೆಗೆದದ್ದಕ್ಕೆ ಪೂರ್ತಿ ಮಾರ್ಕ್ಸ್ ಕೊಡಲ್ಲ ತಮ್ಮ. ಹತ್ತು ನಿಮಿಷ ಮುಂಚೆಯೇ ಕೂರಬೇಕಿತ್ತು. ಉಗುರು ಹೇಗಿವೆ?

ಹಾಸನ್_ಹುಡುಗ
ಒಂದು ಕಪ್ಪಾಗಿದೆ ಅಕ್ಕ. ಕತ್ತರಿಸಿದ್ದೆ, ಆದರೂ.

ತೋಟದಮನೆ
ನಿಮ್ಮದು ಎಡಗೈ ಗ್ಲೌಸ್ ಒಂದು ಲೈನು ಮನೆಯಲ್ಲಿ ಉಳಿದಿದೆ, ನೀಲಿ ಬಣ್ಣದ್ದು, ತೊಳೆದು ಒಲೆ ಮೇಲೆ ಒಣಗಿಸಿ ಇಟ್ಟಿದ್ದಾರೆ. ಹೊಗೆ ವಾಸನೆ ಬರುತ್ತದೆ. ಅಂದಹಾಗೆ ಭಾನುವಾರ ಸಂಜೆಯವರೆಗೆ ನಮ್ಮಲ್ಲಿ 140 ಸೆಂಟ್ಸ್.